ಬಾಕಿ ವಸೂಲಿಗೆ ಬಣ್ಣದ ಕಾಗದ: ಎಷ್ಟು ಉಪಯೋಗ, ಎಲ್ಲಿ ತಪ್ಪು?



ಕಳೆದ ತಿಂಗಳು ಬಸದಿಯಲ್ಲಿ ಪೂಜೆ ಮುಗಿದ ಮೇಲೆ ನಮ್ಮ ಯುವ ವ್ಯಾಪಾರಿಗಳು ನಾಲ್ಕೈದು ಮಂದಿ ಕುಳಿತು ಉದ್ರಿ ಬಾಕಿಯ ಮಾತು ತೆಗೆದರು. ಒಬ್ಬರ ಕೈಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವರು ಕೊಟ್ಟ ಕರಪತ್ರ ಇತ್ತು. ಬಾಕಿ ಪತ್ರವನ್ನು ಗುಲಾಬಿ ಕಾಗದದಲ್ಲಿ ಕಳಿಸಬೇಕು, ಕೊನೆಯ ನೋಟಿಸನ್ನು ಕೆಂಪಿನಲ್ಲಿ ಕಳಿಸಬೇಕು, ಬಣ್ಣವು ಗಿರಾಕಿಯ ಮನಸ್ಸಿನ ಮೇಲೆ ಕೆಲಸ ಮಾಡಿ ಹಣ ತಾನಾಗಿ ಬರುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. "ಕಾಕಾ, ಇದು ಖರೇನಾ?" ಎಂದು ಹುಡುಗರು ಕೇಳಿದರು.

ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ ನಡೆಸುತ್ತ ನನಗೆ ಮೂವತ್ತೈದು ವರ್ಷ ದಾಟಿತು. ಬಣ್ಣ ಮಾರುವವನೂ ನಾನೇ, ಬಾಕಿ ಕೇಳುವವನೂ ನಾನೇ. ಅಂದು ಹೇಳಿದ್ದನ್ನು ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಉತ್ತರ ಮೊದಲೇ ಹೇಳುತ್ತೇನೆ. ಬಣ್ಣದಿಂದ ಕಾಗದ ಕಣ್ಣಿಗೆ ಬೀಳುತ್ತದೆ, ನಮ್ಮ ಲೆಕ್ಕವೂ ಶಿಸ್ತಿನಲ್ಲಿ ಇರುತ್ತದೆ. ಇಷ್ಟೇ ಅದರ ಕೆಲಸ. ಹೆದರಿಸಲು, ಅವಮಾನ ಮಾಡಲು ಬಣ್ಣ ಬಳಸಿದರೆ ಹಣ ಬಂದರೂ ಗಿರಾಕಿ ಹೋಗುತ್ತಾನೆ, ಜೊತೆಗೆ ನಮ್ಮ ವ್ರತಕ್ಕೂ ದೋಷ ತಗಲುತ್ತದೆ.

ಕೆಂಪು ಬಣ್ಣದ ಹಿಂದೆ ಏನಿದೆ?

ಕೊನೆಯ ನೆನಪೋಲೆಯನ್ನು ಕೆಂಪಿನಲ್ಲಿ ಅಚ್ಚು ಹಾಕುವ ಪದ್ಧತಿ ಹೊಸದಲ್ಲ. ಬ್ರಿಟನ್ನಿನಲ್ಲಿ ವಿದ್ಯುತ್, ಗ್ಯಾಸ್, ಟೆಲಿಫೋನ್ ಕಂಪನಿಗಳು ಬಾಕಿ ಉಳಿದವರಿಗೆ ಕೆಂಪು ಬಿಲ್ ಕಳಿಸುತ್ತಿದ್ದವು. ಜನ ಅದನ್ನು ಕಂಡು ಹಣ ಕಟ್ಟುತ್ತಿದ್ದರು. ಆದರೆ ಅವರು ಕಟ್ಟಿದ್ದು ಬಣ್ಣ ನೋಡಿ ಅಲ್ಲ, ಅದರ ನಂತರ ಕನೆಕ್ಷನ್ ಕತ್ತರಿಸುತ್ತಾರೆ ಎಂಬುದು ಗೊತ್ತಿದ್ದುದರಿಂದ. ನಮ್ಮಲ್ಲಿಯೂ ಲೈನ್‌ಮನ್ ಕಂಬದ ಹತ್ತಿರ ನಿಂತರೆ ಬಿಲ್ಲಿನ ಬಣ್ಣವನ್ನು ಯಾರೂ ನೋಡುವುದಿಲ್ಲ. ಹಿಂದೆ ಯಾವ ಕ್ರಮವೂ ಇಲ್ಲದಿದ್ದರೆ ಕೆಂಪು ಕಾಗದವೂ ಬಿಳಿ ಕಾಗದವೂ ಒಂದೇ.

ವಿಜ್ಞಾನಿಗಳು ಇದರ ಬಗ್ಗೆ ಪ್ರಯೋಗ ಮಾಡಿದ್ದಾರೆ. 2007ರಲ್ಲಿ ಅಮೆರಿಕದ ಆಂಡ್ರ್ಯೂ ಎಲಿಯಟ್ ಮತ್ತು ಅವರ ಸಂಗಡಿಗರು ಪರೀಕ್ಷೆಗೆ ಮುಂಚೆ ಕೆಂಪು ಬಣ್ಣ ಕಂಡವರು ಕಡಿಮೆ ಅಂಕ ಪಡೆದರು ಎಂದು ಪ್ರಕಟಿಸಿದರು. ಕೆಂಪು ಕಂಡಾಗ ಸೋಲಿನ ಭಯ ಬಂದು ಮನಸ್ಸು ಹಿಂದೆ ಸರಿಯುತ್ತದೆ ಎಂಬುದು ಅವರ ವಾದ. ಆಮೇಲೆ ಬೇರೆಯವರು ಅದೇ ರೀತಿ ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬರಲಿಲ್ಲ. ಅವರ ವಾದ ಸರಿ ಎಂದೇ ಇಟ್ಟುಕೊಂಡರೂ ನಮಗೆ ಅದು ಎಚ್ಚರಿಕೆಯೇ. ಹೆದರಿದವನು ಪತ್ರ ತೆರೆಯುವುದಿಲ್ಲ, ಫೋನ್ ಎತ್ತುವುದಿಲ್ಲ, ನಮ್ಮ ಅಂಗಡಿ ಇರುವ ಓಣಿಯನ್ನೇ ಬಿಟ್ಟು ಬೇರೆ ದಾರಿ ಹಿಡಿಯುತ್ತಾನೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಉದ್ರಿ ಕೊಟ್ಟ ಪ್ರತಿ ವ್ಯಾಪಾರಿಗೂ ಗೊತ್ತು.

ಇನ್ನೊಂದು ಮಾತು. ನಮ್ಮಲ್ಲಿ ಕೆಂಪು ಎಂದರೆ ಅಪಾಯ ಮಾತ್ರವಲ್ಲ. ಹಳೆಯ ಕಾಲದ ಲೆಕ್ಕದ ಪುಸ್ತಕಗಳಿಗೆ ಕೆಂಪು ಬಟ್ಟೆಯ ಹೊದಿಕೆ ಇರುತ್ತಿತ್ತು. ದೀಪಾವಳಿಯಲ್ಲಿ ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚಿಯೇ ಲೆಕ್ಕ ಶುರು ಮಾಡುತ್ತಿದ್ದೆವು. ಭಗವಾನ್ ಮಹಾವೀರರ 2500ನೇ ನಿರ್ವಾಣ ಮಹೋತ್ಸವದ ಸಮಯದಲ್ಲಿ ಎಲ್ಲ ಪಂಥದವರೂ ಒಪ್ಪಿದ ನಮ್ಮ ಧ್ವಜದಲ್ಲಿ ಬಿಳಿ ಅರಿಹಂತರದು, ಕೆಂಪು ಸಿದ್ಧರದು, ಹಳದಿ ಆಚಾರ್ಯರದು, ಹಸಿರು ಉಪಾಧ್ಯಾಯರದು, ಕಡುನೀಲಿ ಸಾಧುಗಳದು. ಮದುವೆಯ ಲಗ್ನಪತ್ರಿಕೆಯೂ ಕೆಂಪು ಹಳದಿಯೇ. ಹಾಗಾಗಿ ಬೇರೆ ದೇಶದ ಪುಸ್ತಕದಲ್ಲಿ ಬರೆದ ಬಣ್ಣದ ಅರ್ಥ ನಮ್ಮ ಗಿರಾಕಿಗೆ ಹಾಗೇ ಅನ್ವಯಿಸುತ್ತದೆ ಎಂದು ತಿಳಿಯಬಾರದು.

ನನ್ನಿಂದ ಆದ ತಪ್ಪು

ಹದಿನೈದು ವರ್ಷಕ್ಕೂ ಹಿಂದಿನ ಮಾತು. ನಮ್ಮ ಕಡೆಯ ರೈತರು ಪಿವಿಸಿ ಪೈಪು, ಮೋಟಾರು ಸಾಮಾನು ಒಯ್ದು ಕಬ್ಬಿನ ಬಿಲ್ಲು ಬಂದ ಮೇಲೆ ಹಣ ಕೊಡುವುದು ರೂಢಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸಾಗಿಸಿದ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಕೊಡಬೇಕು. ಕಾಗದದ ಮೇಲೆ ಹೀಗಿದ್ದರೂ ಆ ವರ್ಷ ಬೇಸಿಗೆ ಬಂದರೂ ರೈತರ ಕೈಗೆ ಹಣ ಬಂದಿರಲಿಲ್ಲ. ನನಗೂ ಕಂಪನಿಯವರ ಒತ್ತಾಯ ಇತ್ತು, ಬ್ಯಾಂಕಿನ ಓವರ್‌ಡ್ರಾಫ್ಟ್ ಮಿತಿ ಮುಟ್ಟಿತ್ತು.

ಆಗ ಯಾರೋ ಹೇಳಿದ್ದನ್ನು ಕೇಳಿ ದೊಡ್ಡ ಅಕ್ಷರದಲ್ಲಿ "ಅಂತಿಮ ಸೂಚನೆ" ಎಂದು ಬರೆಸಿದ ಕೆಂಪು ಕಾಗದ ಅಚ್ಚು ಹಾಕಿಸಿದೆ. ಅಂಗಡಿಯ ಹುಡುಗನ ಕೈಯಲ್ಲಿ ಮನೆಮನೆಗೆ ಕಳಿಸಿದೆ. ಲಕೋಟೆ ಹಾಕಲಿಲ್ಲ, ಖರ್ಚು ಉಳಿಯಲಿ ಎಂದುಕೊಂಡೆ. ಎಂಟು ವರ್ಷದಿಂದ ಒಂದು ಸಲವೂ ಮಾತು ತಪ್ಪದಿದ್ದ ಒಬ್ಬ ರೈತರ ಮನೆಗೆ ಹುಡುಗ ಹೋದಾಗ ಅಲ್ಲಿ ಅವರ ಮಗಳನ್ನು ನೋಡಲು ಬಂದ ಬೀಗರು ಪಡಸಾಲೆಯಲ್ಲಿ ಕುಳಿತಿದ್ದರು. ಹುಡುಗ ಎಲ್ಲರ ಎದುರಿಗೇ ಆ ಕೆಂಪು ಕಾಗದ ಕೊಟ್ಟು ಬಂದ.

ಮರುದಿನ ಬೆಳಿಗ್ಗೆ ಅವರು ಪೂರ್ತಿ ಹಣ ತಂದು ಕೌಂಟರ್ ಮೇಲೆ ಇಟ್ಟರು. ರಸೀದಿ ತೆಗೆದುಕೊಂಡರು. ಚಹಾ ತರಿಸುತ್ತೇನೆ ಎಂದರೆ ಬೇಡ ಎಂದು ಹೋದರು. ಕೆಂಪು ಕಾಗದ ಎಷ್ಟು ಚೆನ್ನಾಗಿ ಕೆಲಸ ಮಾಡಿತು ಎಂದು ಆ ದಿನ ನಾನು ಖುಷಿಪಟ್ಟೆ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಹಣ ತಂದಿದ್ದರು ಎಂಬುದು ಅದೇ ಊರಿನ ಇನ್ನೊಬ್ಬ ಗಿರಾಕಿಯಿಂದ ಆಮೇಲೆ ತಿಳಿಯಿತು.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು "ಉತ್ತಮ ಕ್ಷಮಾ" ಹೇಳಿದೆ. ಮನೆಗೆ ಬಂದ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಕ್ಷಮೆ ಕೇಳಬೇಕಾದವರು ಬಸದಿಯಲ್ಲಿ ಇರಲಿಲ್ಲ. ಸಂಜೆ ಅವರ ಹಳ್ಳಿಗೆ ಹೋದೆ. ಅವರು ಕೂಡಿಸಿ ನೀರು ಕೊಟ್ಟರು, ನಾನು ಹೇಳಿದ್ದನ್ನು ಕೇಳಿದರು. ಕೊನೆಗೆ, "ರೊಕ್ಕ ಕೇಳಿದ್ದು ತಪ್ಪಲ್ರಿ ಸಾವ್ಕಾರ, ಮಡಚದ ಕಳಿಸಿದ್ದು ತಪ್ಪು" ಎಂದರು. ಅಷ್ಟೇ ಅಂದರು. ನಂತರ ಅವರು ಅಂಗಡಿಗೆ ಬರಲಿಲ್ಲ. ಈಗ ಅವರ ಮಗ ಬರುತ್ತಾರೆ. ನಗದು ಕೊಟ್ಟೇ ಸಾಮಾನು ಒಯ್ಯುತ್ತಾರೆ.

ಉಳಿದ ಕೆಂಪು ಕಾಗದಗಳ ಹಿಂಬದಿಯನ್ನು ಪೇಂಟ್ ಲೆಕ್ಕ ಹಾಕಲು ಬಳಸಿ ಮುಗಿಸಿದೆ. ಅಂದಿನಿಂದ ನಮ್ಮ ಅಂಗಡಿಯ ಬಾಕಿ ಪತ್ರ ಲಕೋಟೆ ಇಲ್ಲದೆ ಹೊರಗೆ ಹೋಗಿಲ್ಲ.

ಈಗ ನಾವು ಬಣ್ಣ ಬಳಸುವ ಕ್ರಮ

ಮೊದಲು ಅಂಗಡಿಯ ಒಳಗಿನ ಬಣ್ಣ. ನನ್ನ ಅನುಭವದಲ್ಲಿ ಬಣ್ಣ ಹೆಚ್ಚು ಉಪಯೋಗಕ್ಕೆ ಬರುವುದು ಗಿರಾಕಿಗಲ್ಲ, ನಮಗೇ. ಪ್ರತಿ ತಿಂಗಳ ಮೊದಲ ಸೋಮವಾರ ಬಾಕಿ ಪಟ್ಟಿ ತೆಗೆದು ಗಡುವು ಮೀರಿ 30 ದಿನದೊಳಗಿನ ಖಾತೆಗೆ ಹಸಿರು, 31ರಿಂದ 60 ದಿನದ್ದಕ್ಕೆ ಹಳದಿ, 60 ದಾಟಿದ್ದಕ್ಕೆ ಕೆಂಪು ಚೀಟಿ ಅಂಟಿಸುತ್ತೇವೆ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ಅಲ್ಲಿಯೇ ಬಣ್ಣ ಹಾಕಬಹುದು. ಯಾರಿಗೆ ಫೋನ್ ಮಾಡಬೇಕು, ಯಾರಲ್ಲಿಗೆ ಹೋಗಬೇಕು, ಯಾರಿಗೆ ಹೊಸ ಉದ್ರಿ ನಿಲ್ಲಿಸಬೇಕು ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಎಷ್ಟೋ ಬಾಕಿಗಳು ಹಳೆಯದಾಗುವುದು ಗಿರಾಕಿ ಕೊಡದೆ ಅಲ್ಲ, ನಾವು ಸಮಯಕ್ಕೆ ಕೇಳದೆ. ಆದರೆ ಈ ಪಟ್ಟಿ ಕೌಂಟರಿನ ಒಳಗೇ ಇರಬೇಕು, ಬೇರೆ ಗಿರಾಕಿಯ ಕಣ್ಣಿಗೆ ಬೀಳಬಾರದು.

ಇನ್ನು ಹೊರಗೆ ಕಳಿಸುವ ಪತ್ರ.

1. ತಿಂಗಳ ಖಾತೆ ಪತ್ರ ಬಿಳಿ ಕಾಗದ. ಕೊಡಬೇಕಾದ ಮೊತ್ತ ಮತ್ತು ತಾರೀಖು ಈ ಎರಡಕ್ಕೆ ಮಾತ್ರ ಹಳದಿ ಹೈಲೈಟರ್ ಗೆರೆ. ಇಡೀ ಕಾಗದಕ್ಕೆ ಬಣ್ಣ ಬಳಿದರೆ ಯಾವುದೂ ಎದ್ದು ಕಾಣುವುದಿಲ್ಲ.

2. ಗಡುವು ಮೀರಿ ಒಂದು ವಾರವಾದರೆ ತಿಳಿ ನೀಲಿ ಕಾಗದದಲ್ಲಿ ನೆನಪೋಲೆ. ಮರೆತಿರಬಹುದು ಎಂಬ ಧಾಟಿಯಲ್ಲಿ ನಾಲ್ಕು ಸಾಲು ಸಾಕು. ಈಗಾಗಲೇ ಕೊಟ್ಟಿದ್ದರೆ ದಯವಿಟ್ಟು ತಿಳಿಸಿ ಎಂಬ ಮಾತು ಇರಲೇಬೇಕು. ಎಷ್ಟೋ ಸಲ ತಪ್ಪು ನಮ್ಮ ಲೆಕ್ಕದಲ್ಲೇ ಇರುತ್ತದೆ.

3. ಒಂದು ತಿಂಗಳಾದರೆ ಕಾಗದ ಕಳಿಸುವುದಿಲ್ಲ. ಫೋನ್ ಮಾಡುತ್ತೇನೆ ಅಥವಾ ಹೋಗಿ ಭೇಟಿಯಾಗುತ್ತೇನೆ. ಯಾವ ತಾರೀಖಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ, ಅವರು ಹೇಳಿದ್ದನ್ನೇ ತಿಳಿ ಹಳದಿ ಕಾಗದದಲ್ಲಿ ಬರೆದು ಒಂದು ಪ್ರತಿ ಅವರಿಗೆ ಕೊಡುತ್ತೇನೆ. ಆ ಹಳದಿ ಕಾಗದ ನನ್ನ ಬೇಡಿಕೆಯಲ್ಲ, ಅವರ ಮಾತು. ಎಲ್ಲದರಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

4. ಎರಡು ತಿಂಗಳು ದಾಟಿ ಉತ್ತರವೂ ಇಲ್ಲದಿದ್ದರೆ ಮತ್ತೆ ಬಿಳಿ ಕಾಗದ. ಬಾಕಿಯ ವಿವರ, ಹೊಸ ಉದ್ರಿ ನಿಲ್ಲಿಸಿದ ಸೂಚನೆ, ತಾರೀಖಿನ ಕೆಳಗೆ ಒಂದೇ ಒಂದು ಕೆಂಪು ಗೆರೆ. ಮುಚ್ಚಿದ ಲಕೋಟೆ, ಸ್ವೀಕೃತಿ ಬರುವಂತೆ ಅಂಚೆ.

ಗುಲಾಬಿ ಬಣ್ಣ ಏಕಿಲ್ಲ ಎಂದು ಕೇಳಬಹುದು. ನಮ್ಮ ಬಿಲ್ ಪುಸ್ತಕದಲ್ಲಿ ಮೂಲ ಪ್ರತಿ ಬಿಳಿ, ಎರಡನೆಯದು ಗುಲಾಬಿ. ಗುಲಾಬಿ ಕಾಗದ ಕಳಿಸಿದರೆ ಗಿರಾಕಿ ಅದನ್ನು ಬಿಲ್ಲಿನ ಪ್ರತಿ ಎಂದುಕೊಂಡು ಮೊಳೆಗೆ ಚುಚ್ಚಿ ಇಡುತ್ತಾನೆ. ಹೊಸ ಬಣ್ಣ ಆರಿಸುವ ಮುನ್ನ ಅಂಗಡಿಯಲ್ಲಿ ಯಾವ ಬಣ್ಣ ಯಾವುದಕ್ಕೆ ಬಳಕೆಯಾಗುತ್ತಿದೆ ನೋಡಿಕೊಳ್ಳಿ.

ಕಡು ಬಣ್ಣದ ಕಾಗದದ ಮೇಲೆ ಅಕ್ಷರ ಓದಲಾಗುವುದಿಲ್ಲ, ಝೆರಾಕ್ಸ್ ತೆಗೆದರೆ ಪೂರ್ತಿ ಕಪ್ಪಾಗುತ್ತದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಗಂಡಸರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಮಂದಿ ಇದ್ದಾರೆ, ಶೇಡ್ ಕಾರ್ಡ್ ಹಿಡಿದು ನಿಲ್ಲುವ ನಮಗೆ ಇದು ಬೇಗ ತಿಳಿಯುತ್ತದೆ. ಆದ್ದರಿಂದ ಬಣ್ಣದಲ್ಲಿ ಹೇಳಿದ್ದನ್ನು ಅಕ್ಷರದಲ್ಲಿಯೂ ಹೇಳಿ. ಯುಪಿಐ ಕ್ಯೂಆರ್ ಕೋಡ್ ಹಾಕುವುದಾದರೆ ಬಿಳಿಯ ಮೇಲೆ ಕಪ್ಪೇ ಇರಲಿ, ಬಣ್ಣ ಬದಲಿಸಿದರೆ ಕೆಲವು ಮೊಬೈಲ್‌ಗಳು ಓದುವುದಿಲ್ಲ.

ನಾನೂ ಒಮ್ಮೆ ಪರೀಕ್ಷೆ ಮಾಡಿ ನೋಡಿದೆ. ಎರಡು ತಿಂಗಳು ಕೆಲವರಿಗೆ ನೀಲಿ, ಕೆಲವರಿಗೆ ಬಿಳಿ ಕಳಿಸಿದೆ. ಹೇಳುವಂಥ ಫರಕು ಕಾಣಲಿಲ್ಲ. ಫರಕು ಕಂಡದ್ದು ಬೇರೆ ಎರಡು ಕಡೆ. "ಆದಷ್ಟು ಬೇಗ ಕೊಡಿ" ಎಂದು ಬರೆಯುವ ಬದಲು ತಾರೀಖು ಬರೆದಾಗ, ಮತ್ತು ಗಿರಾಕಿಯ ಕೈಗೆ ಹಣ ಬರುವ ವಾರ ನೋಡಿ ಕಳಿಸಿದಾಗ. ನೌಕರದಾರರಿಗೆ ತಿಂಗಳ ಮೊದಲ ವಾರ, ರೈತರಿಗೆ ಕಬ್ಬಿನ ಬಿಲ್ಲು ಜಮೆಯಾದ ವಾರ, ಗುತ್ತಿಗೆದಾರರಿಗೆ ಅವರ ಬಿಲ್ ಪಾಸಾದ ವಾರ.

ಶ್ರಾವಕರು ಮೀರಬಾರದ ಗೆರೆ

ಕೆಲವರು ಬಾಕಿ ಪತ್ರವನ್ನು ಕೋರ್ಟಿನ ಸಮನ್ಸ್ ತರಹ ಮಾಡಿಸುತ್ತಾರೆ. ಮೇಲೆ ಮುದ್ರೆಯಂಥ ಚಿತ್ರ, ಕೆಂಪು ಅಂಚು, ಸುಳ್ಳು ಕೇಸ್ ನಂಬರ್. ಇದು ಕಾನೂನಿಗೂ ವಿರುದ್ಧ, ನಮ್ಮ ಆಚಾರಕ್ಕೂ ವಿರುದ್ಧ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅದರಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ ಸೃಷ್ಟಿಸುವುದು. ಬಾಕಿ ನಿಜವಿದ್ದರೂ ನೋಟಿಸ್ ಸುಳ್ಳಾದರೆ ದೋಷ ತಪ್ಪದು. ಇನ್ನೊಂದು ರಹೋಭ್ಯಾಖ್ಯಾನ, ಗುಟ್ಟಾಗಿ ಇರಬೇಕಾದದ್ದನ್ನು ಬಯಲು ಮಾಡುವುದು. ಒಬ್ಬರ ಬಾಕಿಯನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುವುದು, ಅಂಗಡಿಯ ಮುಂದೆ ಹೆಸರಿನ ಬೋರ್ಡ್ ತೂಗುಹಾಕುವುದು, ನನ್ನಂತೆ ತೆರೆದ ಕಾಗದ ಕಳಿಸುವುದು ಇವೆಲ್ಲ ಇದೇ ಜಾತಿಯ ತಪ್ಪುಗಳು ಎಂದು ನನ್ನ ತಿಳಿವಳಿಕೆ.

ಬಣ್ಣದ ಮಾತು ಬಂದಾಗ ಜೈನರಾದ ನಮಗೆ ಲೇಶ್ಯೆ ನೆನಪಾಗಬೇಕು. ಕೃಷ್ಣ, ನೀಲ, ಕಪೋತ ಈ ಮೂರು ಅಶುಭ. ಪೀತ, ಪದ್ಮ, ಶುಕ್ಲ ಈ ಮೂರು ಶುಭ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಇದಕ್ಕೆ ದೃಷ್ಟಾಂತವಿದೆ. ನಮ್ಮ ಕೇಶವವರ್ಣಿ ಆ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿ ಬರೆದರು. ಹಸಿದ ಆರು ಮಂದಿ ಹಣ್ಣಿನ ಮರ ಕಂಡರು. ಒಬ್ಬ ಬುಡಸಮೇತ ಕೀಳೋಣ ಎಂದ, ಇನ್ನೊಬ್ಬ ಕಾಂಡ ಕಡಿಯೋಣ ಎಂದ, ಮೂರನೆಯವ ದೊಡ್ಡ ಕೊಂಬೆ, ನಾಲ್ಕನೆಯವ ಸಣ್ಣ ಕೊಂಬೆ, ಐದನೆಯವ ಹಣ್ಣು ಮಾತ್ರ ಕೀಳೋಣ ಎಂದ. ಆರನೆಯವ ಕೆಳಗೆ ಬಿದ್ದದ್ದನ್ನೇ ಆರಿಸಿ ತಿನ್ನೋಣ ಎಂದ. ಹಸಿವು ಎಲ್ಲರಿಗೂ ಒಂದೇ, ಮನಸ್ಸಿನ ಬಣ್ಣ ಬೇರೆ ಬೇರೆ.

ಬಾಕಿ ಕೇಳುವವನಿಗೂ ಇದು ಹೊಂದುತ್ತದೆ. ಇದು ನನ್ನ ಹೋಲಿಕೆ, ಶಾಸ್ತ್ರವಾಕ್ಯವಲ್ಲ. ಅವನ ಅಂಗಡಿಯೇ ಮುಚ್ಚಲಿ ಎನ್ನುವವನು ಮರ ಕೀಳುವವನು. ಪೇಟೆಯಲ್ಲಿ ಮಾನ ಕಳೆಯುವವನು ಕಾಂಡ ಕಡಿಯುವವನು. ಲೆಕ್ಕದಷ್ಟನ್ನು, ಕೊಡಲು ಆಗುವ ಹೊತ್ತಿಗೆ, ಮರಕ್ಕೆ ಗಾಯವಾಗದಂತೆ ಕೇಳುವವನು ಹಣ್ಣು ಕೀಳುವವನು. ನಿಜವಾಗಿ ಕೈಸೋತವನ ಹತ್ತಿರ ಕೇಳುವುದನ್ನೇ ಬಿಟ್ಟು ಅವನು ತಾನಾಗಿ ಕೊಟ್ಟಷ್ಟನ್ನು ತೆಗೆದುಕೊಳ್ಳುವವನು ಆರನೆಯವನು. ನನಗೆ ಆರನೆಯವನಾಗಲು ಎಲ್ಲ ಸಲ ಸಾಧ್ಯವಾಗಿಲ್ಲ. ಅಂಗಡಿ ನಡೆಯಬೇಕು, ಕೆಲಸದವರಿಗೆ ಸಂಬಳ ಕೊಡಬೇಕು. ಆದರೆ ಐದನೆಯವನಾಗುವುದು ನಮ್ಮ ಕೈಯಲ್ಲಿದೆ.

ಕಾನೂನಿನಲ್ಲಿ ತಿಳಿದಿರಬೇಕಾದದ್ದು

ಸೌಮ್ಯವಾಗಿ ಕೇಳುವುದೆಂದರೆ ಹಕ್ಕು ಬಿಟ್ಟುಕೊಡುವುದಲ್ಲ. ನಾಲ್ಕು ಸಂಗತಿ ನೆನಪಿಡಿ.

ಉದ್ರಿ ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು ಅವಧಿ ಕಾಯ್ದೆಯ ಪ್ರಕಾರ 3 ವರ್ಷ ಮಾತ್ರ ಸಮಯ. ಆ ಅವಧಿ ಮುಗಿಯುವ ಮುನ್ನ ಗಿರಾಕಿ ಬಾಕಿ ಒಪ್ಪಿ ಸಹಿ ಮಾಡಿದರೆ ಅಂದಿನಿಂದ ಹೊಸ ಅವಧಿ ಶುರುವಾಗುತ್ತದೆ. ಪ್ರತಿ ಮಾರ್ಚ್ ಕೊನೆಗೆ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ತೆಗೆದುಕೊಳ್ಳುವ ಅಭ್ಯಾಸ ಇರಲಿ. ಹಳದಿ ಕಾಗದಕ್ಕೆ ಸಹಿ ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ.

ಜಿಎಸ್‌ಟಿ ನೋಂದಣಿ ಇರುವ ಗಿರಾಕಿ ಬಿಲ್ ತಾರೀಖಿನಿಂದ 180 ದಿನದಲ್ಲಿ ಹಣ ಕೊಡದಿದ್ದರೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಐದನೆಯ ತಿಂಗಳಲ್ಲಿ ಇದನ್ನು ಮರ್ಯಾದೆಯಿಂದ ನೆನಪಿಸಿದರೆ ಯಾವ ಕೆಂಪು ಕಾಗದಕ್ಕಿಂತಲೂ ಹೆಚ್ಚು ಪರಿಣಾಮವಾಗುತ್ತದೆ, ಅವರಿಗೂ ಉಪಕಾರವಾಗುತ್ತದೆ.

2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಸಿಗಬೇಕು. ಆದರೆ ಇದು ತಯಾರಿಕೆ ಮತ್ತು ಸೇವೆಯವರಿಗೆ. ನಮ್ಮಂಥ ಸಗಟು, ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈಯಲ್ಲಿ ಉದ್ಯಮ್ ನೋಂದಣಿ ಸಿಕ್ಕಿದ್ದು ಆದ್ಯತಾ ವಲಯದ ಸಾಲದ ಅನುಕೂಲಕ್ಕೆ ಮಾತ್ರ. ಸಣ್ಣ ಕಾರ್ಖಾನೆ ನಡೆಸುವ ಬಂಧುಗಳು ಈ ಕಾಯ್ದೆಯನ್ನು ಬಳಸಿಕೊಳ್ಳಿ.

ಚೆಕ್ ವಾಪಸ್ ಬಂದರೆ ಬ್ಯಾಂಕಿನ ಮಾಹಿತಿ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕ ಮೇಲೆ ಅವರಿಗೆ 15 ದಿನ ಸಮಯ ಇರುತ್ತದೆ. ಇಲ್ಲಿ ದಿನ ತಪ್ಪಿದರೆ ಕೇಸ್ ನಿಲ್ಲುವುದು ಕಷ್ಟ. ವಕೀಲರನ್ನು ತಡಮಾಡದೆ ಕಾಣಿರಿ.

ಕೊನೆಯ ಮಾತು

ಬಾಕಿ ಉಳಿಸುವವರಲ್ಲಿ ಮೂರು ಬಗೆ. ಮರೆತವರು, ಕೊಡಲು ಆಗದವರು, ಕೊಡುವ ಮನಸ್ಸಿಲ್ಲದವರು. ಮರೆತವರಿಗೆ ನೀಲಿ ಕಾಗದ ಸಾಕು. ಆಗದವರಿಗೆ ಕಾಗದವಲ್ಲ, ಕುಳಿತು ಮಾತಾಡಿ ಕಂತು ಮಾಡಿಕೊಡಬೇಕು. ಮನಸ್ಸಿಲ್ಲದವರಿಗೆ ಯಾವ ಬಣ್ಣವೂ ತಾಗುವುದಿಲ್ಲ, ಅವರಿಗೆ ಉದ್ರಿ ನಿಲ್ಲಿಸಿ ಕಾನೂನಿನ ದಾರಿ ಹಿಡಿಯಬೇಕು. ಮೂವರಿಗೂ ಒಂದೇ ಕೆಂಪು ಕಾಗದ ಕಳಿಸಿದ್ದು ನಾನು ಮಾಡಿದ ತಪ್ಪು.

ಕರಪತ್ರ ತಂದ ಹುಡುಗ ಕೊನೆಗೆ, "ಹಂಗಾದ್ರ ಏನ್ ಅಚ್ಚು ಹಾಕಿಸ್ಲಿ ಕಾಕಾ?" ಎಂದು ಕೇಳಿದ. ಮೊದಲು ಲಕೋಟೆ ತರಿಸು, ಬಣ್ಣ ಆಮೇಲೆ ನೋಡೋಣ ಎಂದೆ.

ಜೈ ಜಿನೇಂದ್ರ.